ಎರೆಮಣ್ಣಿನ ಮೇಲೊಂದು ಟೆನಿಸ್ ತಂಡ

ಉಮರ್ಗಾದಂಥ ಊರಿನಲ್ಲಿ ಆಟದ ಸಾಮಾನಿನ ಅಂಗಡಿಗೆ ಹೋಗಿ ‘ಟೆನಿಸ್ ಬಾಲ್ ಕೊಡ್ರಿ’ ಎಂದರೆ ಕೈಗೆ ಬರುವುದು ಕ್ರಿಕೆಟ್ಟಿನ ಚೆಂಡು. ‘ಲೈಟ್ ಬೇಕಾ, ಹೆವಿ ಬೇಕಾ’ ಎಂದು ಕೇಳುತ್ತಾರೆ. ರಾಕೆಟ್ಟಿಗೋ ಬ್ಯಾಟಿಗೋ ಎಂದು ಯಾರೂ ಕೇಳುವುದಿಲ್ಲ. ಮೊದಲ ವರ್ಷ ನಾವೂ ಹೆವಿ ಚೆಂಡನ್ನೇ ಒಂದು ಡಜನ್ ತಂದು ವಾರವಿಡೀ ಆಡಿದೆವು. ಎರಡು ರಾಕೆಟ್ಟಿನ ತಂತಿ ಹರಿದವು, ಒಬ್ಬನ ಮೊಣಕೈ ತಿಂಗಳುಗಟ್ಟಲೆ ನೋಯಿತು. ತಪ್ಪು ಅಂಗಡಿಯವರದಲ್ಲ, ಕೇಳಲು ಬಾರದ ನಮ್ಮದು. ಟೆನಿಸ್ ಆಟದ ಚೆಂಡು 56ರಿಂದ 59.4 ಗ್ರಾಂ ತೂಗಬೇಕು. 254 ಸೆಂ.ಮೀ. ಎತ್ತರದಿಂದ ಗಟ್ಟಿ ನೆಲದ ಮೇಲೆ ಬಿಟ್ಟರೆ 135ರಿಂದ 147 ಸೆಂ.ಮೀ.ವರೆಗೆ ಪುಟಿಯಬೇಕು. ಆದ್ದರಿಂದ ಮೊದಲ ಸೂಚನೆ ಇಷ್ಟೇ: ಅಂಗಡಿಯಲ್ಲಿ ‘ಲಾನ್ ಟೆನಿಸ್’ ಎನ್ನಿ, ಸೀಲ್ ಮಾಡಿದ ಡಬ್ಬಿಯನ್ನೇ ಕೇಳಿ.

ಈ ಬರಹ ಮಹಾರಾಷ್ಟ್ರ ಕರ್ನಾಟಕ ಗಡಿಸೀಮೆಯ ಸಣ್ಣ ಕಾಲೇಜುಗಳ ಹುಡುಗ ಹುಡುಗಿಯರಿಗೆ, ಅವರ ಪಿ.ಟಿ. ಸರ್‌ಗಳಿಗೆ. ಉಮರ್ಗಾದಲ್ಲಿ ಶ್ರೀ ಛತ್ರಪತಿ ಶಿವಾಜಿ ಮಹಾವಿದ್ಯಾಲಯ, ನಿಲಂಗಾದಲ್ಲಿ ಮಹಾರಾಷ್ಟ್ರ ಮಹಾವಿದ್ಯಾಲಯ, ಉದಗೀರದಲ್ಲಿ ಮಹಾರಾಷ್ಟ್ರ ಉದಯಗಿರಿ ಮಹಾವಿದ್ಯಾಲಯ, ಹಾವಗಿಸ್ವಾಮಿ ಮಹಾವಿದ್ಯಾಲಯ ಇವೆ. ಇಂಥ ಕಾಲೇಜುಗಳಿಗೆ ಸುತ್ತಲಿನ ಹಳ್ಳಿಗಳಿಂದ ಎಸ್‌ಟಿ ಬಸ್ಸಿನಲ್ಲಿ ಬರುವವರಲ್ಲಿ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಆಡುವ ಹುಡುಗ ಟೆನಿಸ್ ಅಂಗಳಕ್ಕೆ ಇಳಿದರೆ ‘ಫಿಫ್ಟೀನ್ ಲವ್’ ಎನ್ನುತ್ತಾನೆ. ಚೆಂಡು ಗೆರೆಯ ಹೊರಗೆ ಬಿದ್ದಾಗ ಮಾತ್ರ ಬಾಯಿಂದ ಬರುವುದು ‘ಹೋತು’!

ಟೆನಿಸ್ಸೇ ಏಕೆ ಎಂದು ಪ್ರಾಚಾರ್ಯರು ಕೇಳುತ್ತಾರೆ. ಕಬಡ್ಡಿಗೆ ಅಂಗಳದಲ್ಲೇ ಏಳು ಜನ ಬೇಕು, ಫುಟ್‌ಬಾಲಿಗೆ ಹನ್ನೊಂದು. ಟೆನಿಸ್ ತಂಡದ ಪಂದ್ಯ ಸಾಮಾನ್ಯವಾಗಿ ಎರಡು ಸಿಂಗಲ್ಸ್, ಒಂದು ಡಬಲ್ಸ್. ಇಬ್ಬರಿದ್ದರೆ ನಡೆಯುತ್ತದೆ, ನಾಲ್ವರಿದ್ದರೆ ಧಾರಾಳ. ಮುನ್ನೂರು ಮಕ್ಕಳ ಕಾಲೇಜಿಗೂ ನಾಲ್ವರು ಸಿಗದೇ ಹೋಗುವುದಿಲ್ಲ. ಪಿ.ಟಿ. ಸರ್‌ಗೆ ಬೇರೆ ಆಟಗಳ ತಂಡದಲ್ಲಿ ಜಾಗ ಸಿಗದೆ ಉಳಿದವರು ಇಲ್ಲಿ ಸಿಗುತ್ತಾರೆ. ಬಾಲ್ ಬ್ಯಾಡ್ಮಿಂಟನ್ ಆಡಿದವರಿದ್ದರೆ ಇನ್ನೂ ಒಳ್ಳೆಯದು, ಅವರ ಕಣ್ಣು ಚುರುಕು. ಮಣಿಕಟ್ಟಿನಿಂದಲೇ ಹೊಡೆಯುವ ಅವರ ಅಭ್ಯಾಸ ಬಿಡಿಸಿ, ಭುಜದಿಂದ ಹೊಡೆಸಲು ಒಂದೆರಡು ತಿಂಗಳು ಬೇಕಷ್ಟೇ.

ನೆಲ ಮೊದಲು

ಟೆನಿಸ್ ಕಲಿಸುವ ಪುಸ್ತಕಗಳು ಹಿಡಿತದಿಂದ ಶುರುವಾಗುತ್ತವೆ. ನಮ್ಮ ಸೀಮೆಯಲ್ಲಿ ಮಣ್ಣಿನಿಂದ ಶುರುಮಾಡಬೇಕು. ಎರೆಮಣ್ಣು ಮಳೆಗೆ ಹಿಗ್ಗುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿಬಿಡುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನ ಕಿಲ್ಲಾರಿ ಭೂಕಂಪ ಕಂಡ ಸೀಮೆಯಿದು; ಬಿರುಕು ಎಂದರೆ ಹಿರಿಯರ ಎದೆ ಇಂದಿಗೂ ಧಸಕ್ಕೆನ್ನುತ್ತದೆ. ಕೋರ್ಟಿನಲ್ಲಿ ಏಪ್ರಿಲ್ ತಿಂಗಳಲ್ಲಿ ಕಾಣುವ ಬಿರುಕಿಗೆ ಭೂಕಂಪ ಬೇಕಿಲ್ಲ. ಎರೆಯ ಮೇಲೆ ನೇರವಾಗಿ ಸಿಮೆಂಟ್ ಹಾಸಿದ ಅಂಗಳ ಎರಡು ಮಳೆಗಾಲ ತಾಳಿದರೆ ಪುಣ್ಯ. ಗುತ್ತಿಗೆದಾರ ‘ಏನೂ ಆಗಂಗಿಲ್ರಿ’ ಎಂದರೆ ನಂಬಬೇಡಿ. ಮೇಲಿನ ಎರೆ ತೆಗೆಸಿ ಗರಸು ತುಂಬಿಸದೆ ಕೆಲಸ ಒಪ್ಪಬೇಡಿ.

ಗರಸಿಗೆ ಮರಾಠಿಯಲ್ಲಿ ಮುರೂಮ್ ಎನ್ನುತ್ತಾರೆ. ಅದೇ ಹೆಸರಿನ ಊರು ಉಮರ್ಗಾ ತಾಲ್ಲೂಕಿನಲ್ಲೇ ಇರುವುದು ಒಂದು ತಮಾಷೆ. ಈ ಕಡೆ ಸಿಗುವುದು ಕರಿಗಲ್ಲು ಶಿಥಿಲವಾಗಿ ಆದ ಗರಸು. ಉದಗೀರದಿಂದ ಬೀದರ್ ಕಡೆಗೆ ಹೋದಂತೆ ಜಂಬಿಟ್ಟಿಗೆಯ ಕೆಂಪು ನೆಲ ಸಿಗುತ್ತದೆ. ಕೆಳಪದರಕ್ಕೆ ಮೊದಲಿನದು, ಮೇಲ್ಪದರಕ್ಕೆ ಎರಡನೆಯದು ಹೊಂದುತ್ತದೆ.

ಲೆಕ್ಕ ಹೀಗೆ. ಗೆರೆಗಳ ಒಳಗಿನ ಅಂಗಳ 78 ಅಡಿ ಉದ್ದ, ಡಬಲ್ಸಿಗೆ 36 ಅಡಿ ಅಗಲ, ಸಿಂಗಲ್ಸಿಗೆ 27. ಆದರೆ ಓಡಾಡುವ ಜಾಗ ಸೇರಿ 120 ಅಡಿಗೆ 60 ಅಡಿ ಬೇಕು. ಒಂದು ಅಡಿ ಆಳ ಗರಸು ತುಂಬಿಸಿದರೆ 7,200 ಘನ ಅಡಿ, ಅಂದರೆ 72 ಬ್ರಾಸ್. ರೋಲರ್ ಎಳೆದಾಗ ಗರಸು ಕುಸಿಯುತ್ತದೆ, ಹಾಗಾಗಿ 90 ಬ್ರಾಸ್ ಎಂದೇ ಹಿಡಿಯಿರಿ. ಒಂದೇ ಸಲ ಸುರಿದು ಮೇಲೆ ಉರುಳಿಸಿದರೆ ಕೆಳಗೆ ಪೊಳ್ಳು ಉಳಿಯುತ್ತದೆ. ಮೂರು ಮೂರು ಇಂಚಿನ ಪದರ ಹಾಕಿ, ಸಂಜೆ ನೀರು ಬಿಟ್ಟು, ಬೆಳಿಗ್ಗೆ ರೋಲರ್ ಎಳೆಯಬೇಕು. ಊರಿನ ಹೊಲಗಳಿಗೆ ಎರೆಮಣ್ಣು ಬೇಕಾಗಿಯೇ ಇರುತ್ತದೆ. ತೆಗೆದ ಮಣ್ಣನ್ನು ರೈತರು ತಮ್ಮ ಟ್ರ್ಯಾಕ್ಟರಿನಲ್ಲೇ ಒಯ್ಯಲಿ, ಬರುವಾಗ ಗರಸು ತರಲಿ ಎಂದು ಮಾತಾಡಿಕೊಂಡರೆ ಸಾಗಣೆಯ ಅರ್ಧ ಖರ್ಚು ಉಳಿಯುತ್ತದೆ.

ಅಂಗಳದ ಉದ್ದ ಉತ್ತರ ದಕ್ಷಿಣಕ್ಕೇ ಇರಲಿ. ಪೂರ್ವ ಪಶ್ಚಿಮಕ್ಕೆ ಹಾಕಿದರೆ ಬೆಳಿಗ್ಗೆ ಒಬ್ಬನ ಕಣ್ಣಿಗೆ, ಸಂಜೆ ಇನ್ನೊಬ್ಬನ ಕಣ್ಣಿಗೆ ಬಿಸಿಲು. ಕಟ್ಟಡದ ನಕ್ಷೆಯ ಅಂದಕ್ಕೆಂದು ಅಂಗಳ ತಿರುಗಿಸಿದ ಕಡೆ ಸರ್ವ್ ಮಾಡುವವರು ಮೂರು ವರ್ಷವೂ ಕಣ್ಣು ಕಿರಿದು ಮಾಡಿಕೊಂಡೇ ಪಾಸಾಗುತ್ತಾರೆ. ನೀರು ನಿಲ್ಲದಂತೆ ಒಂದೇ ಕಡೆಗೆ ಸಣ್ಣ ಇಳಿಜಾರು ಕೊಡಿ. ಸಿಮೆಂಟಿನ ಅಂಗಳಕ್ಕೆ ನೂರು ಅಡಿಗೆ ಒಂದು ಅಡಿ ಸಾಕು, ಮಣ್ಣಿನದಕ್ಕೆ ಅದರ ಅರ್ಧಕ್ಕಿಂತಲೂ ಕಡಿಮೆ. ಹೆಚ್ಚಾದರೆ ಮಳೆ ಮೇಲ್ಮಣ್ಣನ್ನೇ ಒಯ್ಯುತ್ತದೆ.

ಮೇಲೆ ಎರಡು ಇಂಚು ಜರಡಿ ಹಿಡಿದ ಕೆಂಪುಮಣ್ಣು ಸಾಕು. ಪ್ಯಾರಿಸ್ಸಿನ ಫ್ರೆಂಚ್ ಓಪನ್ನಿನ ಕೆಂಪು ಅಂಗಳ ಟಿವಿಯಲ್ಲಿ ನೋಡಿ ಬೆರಗಾಗುತ್ತೇವಲ್ಲ, ಆ ಕೆಂಪು ಬರೀ ಇಟ್ಟಿಗೆ ಪುಡಿ, ಅದೂ ಒಂದೆರಡು ಮಿಲಿಮೀಟರ್ ದಪ್ಪ. ಇಟ್ಟಿಗೆ ಭಟ್ಟಿಗಳಲ್ಲಿ ಒಡೆದ ಇಟ್ಟಿಗೆಗೆ ಹೆಚ್ಚು ಬೆಲೆಯಿಲ್ಲ. ಕುಟ್ಟಿಸಿ ಜರಡಿ ಹಿಡಿದು ಹರಡಿದರೆ ಮಳೆಯ ನಂತರ ಅಂಗಳ ಬೇಗ ಆರುತ್ತದೆ. ನಮ್ಮ ದೇಶದ ಹಳೆಯ ಕ್ಲಬ್ಬುಗಳಲ್ಲಿ ಸಗಣಿ ಸಾರಿಸಿದ ಅಂಗಳಗಳಿದ್ದವು. ಮನೆಯಂಗಳ ಸಾರಿಸಿ ಗೊತ್ತಿರುವ ಊರಿನಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಧೂಳು ಏಳುವುದು ನಿಲ್ಲುತ್ತದೆ, ಚೆಂಡು ಒಂದೇ ಸಮ ಪುಟಿಯುತ್ತದೆ.

ನೀರಿನ ಮಾತು ಬೇರೆ. 2016ರ ಏಪ್ರಿಲ್‌ನಲ್ಲಿ ಮೀರಜ್‌ನಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ಸೀಮೆ ಇದು. ಟ್ಯಾಂಕರಿಗೆ ಕೊಡ ಹಿಡಿದು ಸಾಲು ನಿಂತ ಊರಿನಲ್ಲಿ ಕೋರ್ಟಿಗೆ ಪೈಪು ಹಿಡಿದರೆ ಯಾರಾದರೂ ಬಯ್ಯಬೇಕು, ಬಯ್ಯುತ್ತಾರೆ. ಮಾರ್ಚ್ ನಂತರ ಮಣ್ಣಿನ ಅಂಗಳಕ್ಕೆ ರಜೆ ಕೊಡಿ. ಆ ತಿಂಗಳುಗಳಿಗೆ ಕಾಲೇಜಿನ ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಅಂಗಳವಿದ್ದರೆ ಸಾಕು. ಅದರ ಉದ್ದ 28 ಮೀಟರ್, ಟೆನಿಸ್ ಅಂಗಳದ್ದು 23.77 ಮೀಟರ್, ಹಿಂದೆ ಉಳಿಯುವುದು ಬರೀ ಏಳು ಅಡಿ. ಪಂದ್ಯಕ್ಕೆ ಆಗದು, ನೆಟ್ ಬಳಿಯ ಆಟದ ಅಭ್ಯಾಸಕ್ಕೆ ಚೆನ್ನಾಗಿ ಆಗುತ್ತದೆ.

ಗೆರೆ ಎಳೆಯುವುದರಲ್ಲಿ ಎಲ್ಲರೂ ಎಡವುತ್ತಾರೆ. ಅಳತೆ ಸರಿ ಇದ್ದರೂ ಅಂಗಳ ವಾಲಿರುತ್ತದೆ. ಊರಿನ ಯಾವುದೇ ಗೌಂಡಿಯನ್ನು ಕೇಳಿ, ಪಾಯ ಹಾಕುವಾಗ ಕರ್ಣದ ಹಗ್ಗ ಹಿಡಿಯುವಂತೆ ಇಲ್ಲಿಯೂ ಹಿಡಿಯಬೇಕು ಎನ್ನುತ್ತಾನೆ. ಡಬಲ್ಸ್ ಅಂಗಳದ ಮೂಲೆಯಿಂದ ಮೂಲೆಗೆ 85 ಅಡಿ 11 ಇಂಚು ಬರಬೇಕು, ಎರಡೂ ಕರ್ಣ ಸಮ ಇರಬೇಕು. ನೆಟ್ಟಿನಿಂದ ಒಂದು ಕಡೆಯ ಅರ್ಧ ಮಾತ್ರ ಅಳೆದರೆ 53 ಅಡಿ 1 ಇಂಚು; ಸಿಂಗಲ್ಸಿನ ಅರ್ಧಕ್ಕೆ 47 ಅಡಿ 5 ಇಂಚು. ಸರ್ವಿಸ್ ಗೆರೆ ನೆಟ್ಟಿನಿಂದ 21 ಅಡಿ. ಮೂಲೆಗಳಲ್ಲಿ ಒಂದೊಂದು ದೊಡ್ಡ ಮೊಳೆಯನ್ನು ನೆಲಮಟ್ಟಕ್ಕೆ ಹೊಡೆದಿಟ್ಟರೆ ಪ್ರತಿ ಸಲ ಅಳೆಯುವ ಕಷ್ಟವಿಲ್ಲ, ಹಗ್ಗ ಕಟ್ಟಿ ಸುಣ್ಣ ಹಾಕಿದರಾಯಿತು.

ನೆಟ್ಟಿನ ಕಂಬಗಳು ಡಬಲ್ಸ್ ಗೆರೆಯಿಂದ ಮೂರು ಅಡಿ ಆಚೆ, ಕಂಬದ ಬಳಿ ಎತ್ತರ ಮೂರೂವರೆ ಅಡಿ, ನಡುವೆ ಮೂರು ಅಡಿ. ನಡುವಿನ ಪಟ್ಟಿ ಕಟ್ಟದೆ ಆಡುವ ಕಾಲೇಜು ತಂಡಗಳನ್ನು ನೋಡಿದ್ದೇನೆ. ತಮ್ಮ ಅಂಗಳದಲ್ಲಿ ಎತ್ತರದ ನೆಟ್ಟಿಗೆ ಒಗ್ಗಿದ ಹುಡುಗರು ಹೊರಗೆ ಹೋದಾಗ ಹೊಡೆದ ಚೆಂಡೆಲ್ಲ ಬೇಸ್‌ಲೈನ್ ದಾಟುತ್ತವೆ. ಪಟ್ಟಿ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ನೆಲದ ಕೊಂಡಿಗೆ ಕಟ್ಟಿ.

ಇಷ್ಟೆಲ್ಲ ಆದ ಮೇಲೆ ಅಂಗಳ ನಿಮ್ಮದೇ ಎಂದುಕೊಳ್ಳಬೇಡಿ. ಸಮತಟ್ಟಾದ ಜಾಗ ಕಂಡರೆ ಊರಿಗೆ ಮೊದಲು ಹೊಳೆಯುವುದು ಪೆಂಡಾಲು. ‘ಸರ, ನಾಳಿ ಲಗ್ನದ ಮಂಟಪ ಹಾಕ್ತಾರಂತ್ರಿ’ ಎಂದು ಸಿಪಾಯಿ ಬಂದು ಹೇಳುವ ಹೊತ್ತಿಗೆ ಗೂಟ ಬಡಿದಾಗಿರುತ್ತದೆ. ಕಾಲೇಜಿನ ಗ್ಯಾದರಿಂಗ್, ಪರೀಕ್ಷೆಯ ದಿನದ ಮೋಟರ್‌ಸೈಕಲ್ಲುಗಳು, ಸಂಜೆಯ ಎಮ್ಮೆಗಳು ಇವೆಲ್ಲದರ ಮುಂದೆ ನಾಲ್ಕು ಜನರ ತಂಡ ದುರ್ಬಲ. ಪ್ರಾಚಾರ್ಯರಿಂದ ಒಂದು ಸಾಲಿನ ಲಿಖಿತ ಆದೇಶ ಮಾಡಿಸಿ ಬೋರ್ಡಿಗೆ ಅಂಟಿಸಿ: ಗೂಟ ಬೇಡ, ಗಾಡಿ ಬೇಡ. ಎಮ್ಮೆಗೆ ಓದಲು ಬಾರದು, ಅದಕ್ಕೆ ತಂತಿಬೇಲಿ ಬೇಕು.

ರಾಕೆಟ್ಟು, ತಂತಿ, ಗೋಡೆ

ಕಲಿಯುವವರಿಗೆ ಎರಡು ಮೂರು ಸಾವಿರ ರೂಪಾಯಿಯ ಅಲ್ಯೂಮಿನಿಯಂ ರಾಕೆಟ್ಟು ಸಾಕು. ಮೊದಲ ವರ್ಷವೇ ದುಬಾರಿ ಗ್ರಾಫೈಟ್ ಕೊಳ್ಳುವುದು ದುಡ್ಡು ದಂಡ. ಹಿಡಿ ಸರಿಯಿದೆಯೇ ಎಂದು ಮಾತ್ರ ನೋಡಿ: ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಕೂರುವಷ್ಟು ಜಾಗ ಉಳಿಯಬೇಕು.

ತಂತಿ ಹರಿಯುವುದು ಸಣ್ಣ ಊರಿನ ದೊಡ್ಡ ತಲೆನೋವು. ಬ್ಯಾಡ್ಮಿಂಟನ್ ರಾಕೆಟ್ಟಿಗೆ ತಂತಿ ಹಾಕುವವರು ಈಗ ತಾಲ್ಲೂಕು ಕೇಂದ್ರಗಳಲ್ಲೂ ಸಿಗುತ್ತಾರೆ. ಆದರೆ ಬ್ಯಾಡ್ಮಿಂಟನ್ನಿನ ಬಿಗಿ 20ರಿಂದ 30 ಪೌಂಡ್, ಟೆನಿಸ್ಸಿನದು 50ರ ಆಸುಪಾಸು. ಅವರ ಯಂತ್ರ ಅಷ್ಟು ಎಳೆಯುತ್ತದೆಯೇ ಎಂದು ಕೇಳಿಯೇ ಕೊಡಿ. ಇಲ್ಲವಾದರೆ ಸೊಲ್ಲಾಪುರ, ಲಾತೂರು, ಕಲಬುರಗಿ ಕಡೆ ಹೋಗುವವರ ಕೈಯಲ್ಲಿ ನಾಲ್ಕೈದು ರಾಕೆಟ್ಟು ಒಟ್ಟಿಗೆ ಕಳಿಸಿ. ನೈಲಾನ್ ತಂತಿಯನ್ನೇ ಹಾಕಿಸಿ. ಪಾಲಿಯೆಸ್ಟರ್ ಬಾಳಿಕೆ ಬಂದರೂ ಎಳೆಯ ಮೊಣಕೈಗಳಿಗೆ ಒಳ್ಳೆಯದಲ್ಲ.

ಡಬ್ಬಿ ಒಡೆದ ಚೆಂಡು ಎರಡು ವಾರದಲ್ಲಿ ಸಪ್ಪೆಯಾಗುತ್ತದೆ. ಹೊಸದನ್ನು ಪಂದ್ಯಕ್ಕಿಡಿ, ವಾರ ಕಳೆದದ್ದನ್ನು ಅಭ್ಯಾಸಕ್ಕೆ, ತೀರ ಸತ್ತದ್ದನ್ನು ಕ್ರಿಕೆಟ್ ಹುಡುಗರಿಗೆ ಕೊಟ್ಟು ಅವರಿಂದ ವಾರಕ್ಕೊಮ್ಮೆ ರೋಲರ್ ಎಳೆಸಿ. ಈ ವ್ಯಾಪಾರದಲ್ಲಿ ಇಬ್ಬರಿಗೂ ಲಾಭ. ಒಳಗೆ ಗಾಳಿಯೊತ್ತಡವಿಲ್ಲದ ಅಭ್ಯಾಸದ ಚೆಂಡುಗಳೂ ಬರುತ್ತವೆ. ಕೈಗೆ ಕಲ್ಲಿನಂತೆ ಭಾಸವಾದರೂ ತಿಂಗಳುಗಟ್ಟಲೆ ಬಾಳುತ್ತವೆ.

ಕೋಚ್ ಇಲ್ಲ ಎಂದು ಕೊರಗುವ ತಂಡಗಳಿಗೆ ಗೋಡೆಯಿದೆ. ಕಾಲೇಜಿನ ಹಿಂದಿನ ಕಿಟಕಿಯಿಲ್ಲದ ಗೋಡೆಯ ಮೇಲೆ ನೆಲದಿಂದ ಮೂರು ಅಡಿಗೆ ಸುಣ್ಣದ ಗೆರೆ ಎಳೆಯಿರಿ, ಅದೇ ನೆಟ್ಟು. ಹದಿನೈದು ಹೆಜ್ಜೆ ಹಿಂದೆ ನಿಂತು ಬಿಡದೆ ಐವತ್ತು ಸಲ ಹೊಡೆಯುವವರೆಗೆ ಅಂಗಳಕ್ಕೆ ಇಳಿಸಬೇಡಿ. ಗೋಡೆ ಸುಳ್ಳು ಹೊಗಳುವುದಿಲ್ಲ, ತಡವಾಗಿ ಬರುವುದೂ ಇಲ್ಲ.

ಒಂದೇ ಅಂಗಳ, ಎಂಟು ಜನ ಇದ್ದಾಗ ಹೆಚ್ಚಿನ ತಂಡಗಳು ಇಬ್ಬರನ್ನು ಆಡಿಸಿ ಆರು ಜನರನ್ನು ಬೇಲಿಗೆ ಒರಗಿಸುತ್ತವೆ. ಅದು ಅಭ್ಯಾಸವಲ್ಲ, ಪ್ರೇಕ್ಷಕರ ತರಬೇತಿ. ನಾಲ್ವರು ಒಟ್ಟಿಗೆ ಆಡಬಹುದು: ಇಬ್ಬರು ಒಂದು ಕರ್ಣದಲ್ಲಿ, ಇನ್ನಿಬ್ಬರು ಮತ್ತೊಂದು ಕರ್ಣದಲ್ಲಿ, ಎರಡು ಚೆಂಡು. ಉಳಿದವರಲ್ಲಿ ಇಬ್ಬರು ಗೋಡೆಗೆ, ಇಬ್ಬರು ಚೆಂಡು ಹೆಕ್ಕಲು. ಹತ್ತು ನಿಮಿಷಕ್ಕೊಮ್ಮೆ ಬದಲಾಗಲಿ. ಬಿಸಿಲೇರುವ ಮೊದಲು ಮುಗಿಯಬೇಕು. ಎಂಟಕ್ಕೆ ಹಳ್ಳಿಯ ಬಸ್ಸು ಇಳಿದು ಬರುವವರಿಗೆ ಬೆಳಗಿನ ಅಭ್ಯಾಸ ಸಿಗುವುದಿಲ್ಲ, ಅವರಿಗಾಗಿ ವಾರದಲ್ಲಿ ಎರಡು ಸಂಜೆ ಇಡಿ. ಹುಡುಗಿಯರ ವೇಳೆಯನ್ನು ಬಸ್ಸಿನ ವೇಳೆ ನೋಡಿಯೇ ನಿಗದಿ ಮಾಡಿ. ಕೊನೆಯ ಎಸ್‌ಟಿ ತಪ್ಪಿದರೆ ಮರುದಿನ ಆ ಹುಡುಗಿ ಬರುವುದಿಲ್ಲ, ಅವಳ ಗೆಳತಿಯೂ ಬರುವುದಿಲ್ಲ. ಇಬ್ಬರೇ ಹುಡುಗಿಯರು ಗಟ್ಟಿಯಾಗಿ ನಿಂತರೂ ಕಾಲೇಜಿಗೊಂದು ಮಹಿಳಾ ತಂಡ ಆಯಿತು ಎಂಬುದನ್ನು ಮನೆಯವರಿಗೂ ಪ್ರಾಚಾರ್ಯರಿಗೂ ಹೇಳಬೇಕು.

ಡಬಲ್ಸನ್ನು ಮೊದಲು ಕಲಿಸಿ. ಅದು ಎರಡನೇ ದರ್ಜೆಯ ಆಟ ಎನ್ನುವವರಿಗೆ ಕೊಡಗಿನ ರೋಹನ್ ಬೋಪಣ್ಣ ಉತ್ತರ. 2024ರ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸನ್ನು ಮ್ಯಾಥ್ಯೂ ಎಬ್ಡನ್ ಜೊತೆ ಗೆದ್ದಾಗ ಅವರ ವಯಸ್ಸು 43.

ಕಾಗದ ಮತ್ತು ಬುತ್ತಿ

ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಕ್ಕೆ ಹೋಗುವವರು ರಾಕೆಟ್ಟಿಗಿಂತ ಮೊದಲು ಕಾಗದ ಜೋಡಿಸಿಕೊಳ್ಳಿ: ಪ್ರಾಚಾರ್ಯರ ಸಹಿಯ ಅರ್ಹತಾ ನಮೂನೆ, ವಯಸ್ಸಿಗೆ ಹತ್ತನೆಯ ತರಗತಿಯ ಪ್ರಮಾಣಪತ್ರ, ಹನ್ನೆರಡನೆಯದರ ಅಂಕಪಟ್ಟಿ, ಈ ವರ್ಷದ ಪ್ರವೇಶದ ರಸೀದಿ, ಗುರುತಿನ ಚೀಟಿ, ಆಧಾರ್, ನಾಲ್ಕು ಫೋಟೊ. ಎಲ್ಲದರ ಮೂಲಪ್ರತಿ ಜೊತೆಗಿರಲಿ. ನಮ್ಮ ಹುಡುಗನೊಬ್ಬ ಜೆರಾಕ್ಸ್ ಮಾತ್ರ ಹಿಡಿದು ರಾತ್ರಿಯಿಡೀ ಬಸ್ಸಿನಲ್ಲಿ ಹೋಗಿ, ಮರುದಿನವಿಡೀ ಬೇಲಿಯಾಚೆ ಕೂತು ಬಂದಿದ್ದಾನೆ. ಅವನ ಅಂಕಪಟ್ಟಿ ಮನೆಯ ಟ್ರಂಕಿನಲ್ಲಿ ಭದ್ರವಾಗಿತ್ತು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ವಯಸ್ಸು 17ರಿಂದ 25ರ ಒಳಗಿರಬೇಕು. ಸೆಟ್ಟು ಪೂರ್ತಿಯೋ ಮೊಟಕೋ, ಡ್ಯೂಸ್ ಆದಾಗ ಒಂದೇ ಅಂಕಕ್ಕೆ ತೀರ್ಮಾನವೋ ಎಂಬುದನ್ನು ಮೊದಲೇ ಕೇಳಿಕೊಂಡು ಅದರಂತೆ ಅಭ್ಯಾಸ ಮಾಡಿ.

ನೌಕರಿಯ ಆಸೆಯ ಬಗ್ಗೆ ಒಂದು ಮಾತು. ಮಹಾರಾಷ್ಟ್ರದಲ್ಲಿ ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇ 5ರ ಮೀಸಲಾತಿ ಇದೆ. ಅಂತರ ಕಾಲೇಜು ಪಂದ್ಯದಲ್ಲಿ ಆಡಿದ ಪ್ರಮಾಣಪತ್ರಕ್ಕೆ ಅದು ದಕ್ಕುವುದಿಲ್ಲ. ಅದಕ್ಕಾಗಿ ತಂಡ ಸೇರುವವರು ಎರಡನೇ ತಿಂಗಳಿಗೆ ಬಿಡುತ್ತಾರೆ, ಬಿಡಲಿ.

ಬುತ್ತಿಗೆ ನಮ್ಮ ಸೀಮೆಯೇ ವಾಸಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮೂರು ದಿನ ಕೆಡುವುದಿಲ್ಲ, ಹೊರಗಿನ ಎಣ್ಣೆಯ ಊಟಕ್ಕಿಂತ ಸಾವಿರ ಪಾಲು ಮೇಲು. ಪಂದ್ಯದ ಬೆಳಿಗ್ಗೆ ಎರಡು ತಾಸು ಮುಂಚೆ ಸುಸಲಾ ತಿಂದರೆ ಹೊಟ್ಟೆ ಹಗುರ. ಸೆಟ್ಟುಗಳ ನಡುವೆ ಬಾಳೆಹಣ್ಣು, ಉಪ್ಪು ಸಕ್ಕರೆ ಬೆರೆಸಿದ ನೀರು. ಮೂರು ದಿನದ ಪಂದ್ಯಾವಳಿಗೆ ಹೋದ ತಂಡವೊಂದು ಮೊದಲ ರಾತ್ರಿಯೇ ಢಾಬಾದ ಮಸಾಲೆಗೆ ಶರಣಾಗಿ, ಎರಡನೆಯ ದಿನ ವಾಕ್‌ಓವರ್ ಕೊಟ್ಟು ಬಂದ ಕತೆ ಹೇಳಿದರೆ ಅದು ನಮ್ಮದೇ ಎಂದು ಗೊತ್ತಾಗಿಬಿಡುತ್ತದೆ.

ಗೆರೆಯ ಮಾತು

ಈ ಮಟ್ಟದ ಪಂದ್ಯಗಳಲ್ಲಿ ಅಂಪೈರ್ ಇರುವುದು ಅಪರೂಪ. ನಿಮ್ಮ ಕಡೆಯ ಗೆರೆಗೆ ನೀವೇ ನ್ಯಾಯಾಧೀಶರು. ನಿಯಮ ಚಿಕ್ಕದು: ಹೊರಗೆ ಬಿದ್ದದ್ದು ಖಚಿತವಾಗಿ ಕಂಡರೆ ತಕ್ಷಣ ಗಟ್ಟಿಯಾಗಿ ‘ಔಟ್’ ಎನ್ನಬೇಕು, ಅನುಮಾನ ಬಂದರೆ ಚೆಂಡು ಒಳಗೇ ಬಿದ್ದಿದೆ. ಚೆಂಡು ಎರಡು ಸಲ ಪುಟಿಯಿತು, ರಾಕೆಟ್ಟು ನೆಟ್ಟಿಗೆ ತಗುಲಿತು ಎಂಬುದನ್ನು ಎದುರಾಳಿ ಹೇಳುವ ಮೊದಲು ನೀವೇ ಹೇಳಬೇಕು. ಪ್ರತಿ ಸರ್ವ್‌ಗೆ ಮುಂಚೆ ಸರ್ವ್ ಮಾಡುವವನು ಅಂಕವನ್ನು ಎದುರಿನವನಿಗೆ ಕೇಳುವಂತೆ ಕೂಗಬೇಕು. ಜಗಳಗಳಲ್ಲಿ ಅರ್ಧ ಹುಟ್ಟುವುದು ಗೆರೆಯಿಂದಲ್ಲ, ಅಂಕ ಮರೆತುದರಿಂದ. ಮಣ್ಣಿನ ಅಂಗಳದಲ್ಲಿ ಚೆಂಡಿನ ಗುರುತು ಉಳಿಯುತ್ತದೆ. ಬೆರಳಿಟ್ಟು ತೋರಿಸಿ, ಮಾತು ಮುಗಿಸಿ.

ಇದನ್ನು ಅಭ್ಯಾಸದಲ್ಲೇ ರೂಢಿಸಬೇಕು. ತಮ್ಮತಮ್ಮಲ್ಲಿ ಆಡುವಾಗ ಕದಿಯುವ ಹುಡುಗ ಹೊರಗೆ ಹೋಗಿ ಸಾಚಾ ಆಗುವುದಿಲ್ಲ, ಅವನಿಂದ ಇಡೀ ತಂಡಕ್ಕೆ ಕೆಟ್ಟ ಹೆಸರು. ಕೆಟ್ಟ ಹೆಸರಿನ ತಂಡವನ್ನು ಸ್ನೇಹಪಂದ್ಯಕ್ಕೆ ಯಾರೂ ಕರೆಯುವುದಿಲ್ಲ. ಗಡಿಯ ತಂಡಕ್ಕೆ ಸ್ನೇಹಪಂದ್ಯ ಅನ್ನವಿದ್ದ ಹಾಗೆ. ಯಾಕೆಂದು ಹೇಳುತ್ತೇನೆ.

ಹತ್ತಿರದವರು ದೂರ

ಉಮರ್ಗಾ ಈಗಿನ ಧಾರಾಶಿವ ಜಿಲ್ಲೆಯಲ್ಲಿದೆ, ಅದರ ಕಾಲೇಜುಗಳು ಛತ್ರಪತಿ ಸಂಭಾಜಿನಗರದ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯದ ಅಡಿ ಬರುತ್ತವೆ. ನಿಲಂಗಾ, ಉದಗೀರ ಲಾತೂರು ಜಿಲ್ಲೆಯವು. ಅಲ್ಲಿನವರು ನಾಂದೇಡದ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಸೇರಿದವರು. 1994ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಹೆಸರು ಹೊತ್ತಿರುವ ರಾಮಾನಂದ ತೀರ್ಥರು ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಕರ್ನಾಟಕದ ಕಡೆ ಬಸವಕಲ್ಯಾಣ, ಭಾಲ್ಕಿ 2023ರಿಂದ ಬೀದರ್ ವಿಶ್ವವಿದ್ಯಾಲಯದಲ್ಲಿ, ಆಳಂದ ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ. ಅಂತರ ವಿಶ್ವವಿದ್ಯಾಲಯ ಹಂತಕ್ಕೆ ಹೋದರೂ ಮಹಾರಾಷ್ಟ್ರದವರು ಪಶ್ಚಿಮ ವಲಯ, ಕರ್ನಾಟಕದವರು ದಕ್ಷಿಣ ವಲಯ.

ಅಂದರೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳುವಷ್ಟು ಹತ್ತಿರದ ಈ ಊರುಗಳ ಹುಡುಗರು ಅಧಿಕೃತ ಪಂದ್ಯದಲ್ಲಿ ಎದುರುಬದುರಾಗುವುದೇ ಇಲ್ಲ. ಉಮರ್ಗಾದವನು ಆಡಬೇಕೆಂದರೆ ದಿನವಿಡೀ ಪ್ರಯಾಣ ಮಾಡಿ ಸಂಭಾಜಿನಗರದ ಕಡೆ ಹೋಗಬೇಕು, ಮೊದಲ ಸುತ್ತಿನಲ್ಲಿ ಸೋತರೆ ಒಂದು ತಾಸಿನ ಆಟಕ್ಕೆ ಎರಡು ದಿನದ ಪ್ರಯಾಣ. ವರ್ಷಕ್ಕೆ ಒಂದೇ ಪಂದ್ಯ ಆಡುವ ತಂಡ ಕಲಿಯುವುದು ಎಲ್ಲಿಂದ? ನಾಲ್ವರೇ ತಮ್ಮತಮ್ಮಲ್ಲಿ ಆಡಿಕೊಂಡರೆ ಒಬ್ಬರ ಆಟ ಒಬ್ಬರಿಗೆ ಬಾಯಿಪಾಠವಾಗಿ, ಹೊಸ ಸರ್ವ್ ಒಂದು ಬಂದರೆ ಕಾಲೇ ಏಳುವುದಿಲ್ಲ.

ಈ ಗಡಿಯ ಗೆರೆಗಳು ಹಳೆಯವಲ್ಲ. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ಎರಡೂ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯ ತಾಲ್ಲೂಕುಗಳು. ಆ ರಾಜ್ಯಕ್ಕೆ ಟೆನಿಸ್ ಹೊಸದಾಗಿರಲಿಲ್ಲ. ಹೈದರಾಬಾದಿನ ಸೈಯದ್ ಮೊಹಮ್ಮದ್ ಹಾದಿ 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟೆನಿಸ್ ಆಡಿದವರು, ಡೇವಿಸ್ ಕಪ್ ಆಡಿದವರು. ರಣಜಿ ಟ್ರೋಫಿಯ ಮೊದಲ ಶತಕವೂ ಅವರದೇ. ಏಳು ಆಟ ಬಲ್ಲವರೆಂದು ‘ರೇನ್‌ಬೋ ಹಾದಿ’ ಎಂಬ ಅಡ್ಡಹೆಸರು ಬೇರೆ. ಇತ್ತೀಚಿನ ಮಾತಾದರೆ, 2023ರ ಕೊನೆಯಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಪುರುಷರ ಪಂದ್ಯಾವಳಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದರು. ಆಳಂದದ ಮೇಲೆ ಹೋದರೆ ಉಮರ್ಗಾದಿಂದ ಕಲಬುರಗಿ ನೂರು ಕಿ.ಮೀ. ಒಳಗೆ. ಸೊಲ್ಲಾಪುರದಲ್ಲೂ ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯಾವಳಿಗಳು ನಡೆದಿವೆ. ಇಂಥದ್ದು ಬಂದಾಗ ಕಾಲೇಜಿಗೆ ಒಂದು ದಿನ ರಜೆ ಹಾಕಿಯಾದರೂ ಇಡೀ ತಂಡ ಹೋಗಿ ನೋಡಬೇಕು. ಟಿವಿಯಲ್ಲಿ ಚೆಂಡಿನ ವೇಗ ಗೊತ್ತಾಗುವುದಿಲ್ಲ, ಬೇಲಿಯ ಪಕ್ಕ ನಿಂತರೆ ಗೊತ್ತಾಗುತ್ತದೆ.

ಸ್ನೇಹಪಂದ್ಯ ಏರ್ಪಡಿಸಲು ವಿಶ್ವವಿದ್ಯಾಲಯದ ಅಪ್ಪಣೆಗಾಗಿ ಕಾಯಬೇಕಿಲ್ಲ. ಪ್ರಾಚಾರ್ಯರಿಂದ ಪ್ರಾಚಾರ್ಯರಿಗೆ ಒಂದು ಪತ್ರ, ಮಕ್ಕಳ ಮನೆಯವರ ಒಪ್ಪಿಗೆಯ ಚೀಟಿ, ಜೊತೆಗೆ ಹೋಗುವ ಒಬ್ಬ ಅಧ್ಯಾಪಕರು, ಇಷ್ಟಿದ್ದರೆ ಸಾಕು. ನವೆಂಬರಿನಿಂದ ಫೆಬ್ರುವರಿಯವರೆಗಿನ ಭಾನುವಾರಗಳು ಹಿತ. ಬಿಸಿಲೂ ಸೌಮ್ಯ, ಪರೀಕ್ಷೆಯೂ ದೂರ. ಬೆಳಿಗ್ಗೆ ಎರಡು ಸಿಂಗಲ್ಸ್, ಒಂದು ಡಬಲ್ಸ್ ಆಡಿ ಗೆಲುವು ಸೋಲು ಮುಗಿಸಿಬಿಡಿ. ಊಟದ ನಂತರ ಜೋಡಿ ಕಲಸಿ, ಅವರಲ್ಲೊಬ್ಬ, ನಮ್ಮಲ್ಲೊಬ್ಬ. ಬೇರೆ ಊರಿನ ಹುಡುಗನ ಪಕ್ಕ ನಿಂತು ಆಡಿದ ಒಂದು ತಾಸಿನಲ್ಲಿ ಕಲಿಯುವಷ್ಟನ್ನು ಅವನ ಎದುರು ಸೋತು ಕಲಿಯುವುದಿಲ್ಲ. ಕರೆದವರು ಊಟ ಹಾಕಲಿ, ಬಂದವರು ಹೊಸ ಚೆಂಡಿನ ಡಬ್ಬಿ ತರಲಿ. ಉದಗೀರದವರಿಗಂತೂ ಭಾಲ್ಕಿ, ಬೀದರ್‌ಗೆ ನೇರ ರೈಲು ಮಾರ್ಗವೇ ಇದೆ. ಉಮರ್ಗಾಕ್ಕೆ ರೈಲಿಲ್ಲ, ಆದರೆ ಹೈದರಾಬಾದ್ ಹೆದ್ದಾರಿ ಊರ ಮೇಲೇ ಹಾಯುತ್ತದೆ, ಬಸ್ಸಿಗೆ ಬರವಿಲ್ಲ.

ಬಸವಕಲ್ಯಾಣ, ಭಾಲ್ಕಿ, ಆಳಂದದ ಕಾಲೇಜುಗಳ ದೈಹಿಕ ಶಿಕ್ಷಣದ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಈ ಚಳಿಗಾಲದ ಯಾವುದಾದರೂ ಭಾನುವಾರ ನಿಮ್ಮ ಅಂಗಳ ಖಾಲಿಯಿದ್ದರೆ ಉಮರ್ಗಾ, ನಿಲಂಗಾ, ಉದಗೀರದ ಯಾವುದಾದರೂ ಕಾಲೇಜಿನ ಜಿಮಖಾನಾಕ್ಕೆ ಫೋನ್ ಮಾಡಿ. ಎತ್ತಿದವರು ಮರಾಠಿಯಲ್ಲಿ ಮಾತಾಡಿದರೆ ಹೆದರಬೇಡಿ, ಕನ್ನಡದಲ್ಲೇ ಕೇಳಿ. ಚೆಂಡಿನ ಡಬ್ಬಿ ಅವರೇ ತರುತ್ತಾರೆ.